ನೈರೋಬಿಗೆ ಹೊರಟು ಕುರ್ಲಾ ಸೇತುವೆಯವರೆಗೆ

ನಾನು ಆಫ್ರಿಕಾ ನೋಡಿಬಂದೆ ಎಂದು ನಂಬಿಕೊಂಡವರು ಮೈಸೂರಿನ ನಮ್ಮ ಬೀದಿಯಲ್ಲಿ ಈಗಲೂ ಇದ್ದಾರೆ. ತರಕಾರಿ ಅಂಗಡಿಯಲ್ಲಿ ಸಿಕ್ಕಿದರೆ ಸಾಕು, "ಅಲ್ಲಿ ಸಿಂಹ ನೋಡಿದಿರಾ, ಟೀಚರ್?" ಎನ್ನುತ್ತಾರೆ. ಸಿಂಹವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಪಾಸ್‌ಪೋರ್ಟ್ ಮಾಡಿಸಿದ್ದು ನಿಜ. ಹಳದಿ ಜ್ವರದ ಸೂಜಿ ಚುಚ್ಚಿಸಿಕೊಂಡು ತೋಳು ಊದಿಸಿಕೊಂಡದ್ದು ನಿಜ. ನೈರೋಬಿಯಲ್ಲಿ ಚಳಿ ಎಂದು ಯಾರೋ ಹೇಳಿದರೆಂದು ನಾನೇ ಕೂತು ಸ್ವೆಟರ್ ಹೆಣೆದದ್ದೂ ನಿಜ. ಆದರೆ ನನ್ನ ವಿದೇಶ ಪ್ರವಾಸ ಮುಗಿದದ್ದು ಬೊಂಬಾಯಿಯ ಕುರ್ಲಾದ ಒಂದು ಸೇತುವೆಯ ಮೇಲೆ. ಅದನ್ನೇ ಬರೆಯುತ್ತೇನೆ. ಸಿಂಹ ಬೇಕಾದವರು ಮೃಗಾಲಯಕ್ಕೆ ಹೋಗಬಹುದು.

ನಮ್ಮವರು ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್. ನದಿಯಲ್ಲಿ ಎಷ್ಟು ನೀರು ಹರಿಯುತ್ತಿದೆ ಎಂದು ಅಳೆಯುವುದೇ ಅವರ ಕೆಲಸ. ಅಳೆದೂ ಅಳೆದೂ ಅವರಿಗೊಂದು ಅನುಮಾನ ಹುಟ್ಟಿಕೊಂಡಿತ್ತು. ವರ್ಷದ ಮಳೆ ಹೆಚ್ಚುಕಡಿಮೆ ಮೊದಲಿನಷ್ಟೇ ಇದೆ, ಆದರೆ ಅದು ಬೀಳುವ ರೀತಿ ಕೆಟ್ಟಿದೆ, ಒಂದು ವಾರ ನಿಧಾನವಾಗಿ ಬೀಳಬೇಕಾದದ್ದು ಒಂದು ಮಧ್ಯಾಹ್ನದಲ್ಲಿ ಸುರಿದು ಹೋಗುತ್ತಿದೆ ಎಂದು. "ಭೂಮಿ ಬಿಸಿಯಾಗ್ತಿದೆ ಸುಶೀಲಾ. ಬಿಸಿ ಗಾಳಿ ಹೆಚ್ಚು ಆವಿ ಹೊರುತ್ತೆ. ಹೊತ್ತದ್ದನ್ನೆಲ್ಲ ಒಂದೇ ಸಲ ಇಳಿಸುತ್ತೆ. ನಮ್ಮ ಸೇತುವೆಗಳೆಲ್ಲ ತಾತನ ಕಾಲದ ಮಳೆ ನೋಡಿ ಕಟ್ಟಿದ್ದು," ಎಂದು ನಾನು ಒಗ್ಗರಣೆ ಹಾಕುವಾಗಲೇ ಬಂದು ಹೇಳುತ್ತಿದ್ದರು. ಆಫೀಸಿನವರು "ಸ್ವಾಮಿಗಳು ಜೋಯಿಸರಾದರು" ಎಂದು ನಗುತ್ತಿದ್ದರು. ನಗದೆ ಕೇಳಿದವರು ಸಾಗರದಾಚೆಯವರು. ಬಿಸಿ ನಾಡುಗಳ ಮಳೆ, ನದಿಗಳ ಬಗ್ಗೆ ನೈರೋಬಿಯಲ್ಲಿ ಸಭೆಯಿದೆ, ಬಂದು ಮಾತಾಡಿ ಎಂದು ಕರೆ ಬಂತು. ಜೊತೆಗೆ ನಾನೂ ಹೊರಟೆ. ಭೂಗೋಳ ಪಾಠ ಮಾಡಿ ಮಾಡಿ ಸವೆದ ನನಗೆ ಭೂಗೋಳದ ಒಂದು ತುಂಡನ್ನಾದರೂ ಕಣ್ಣಿಂದ ನೋಡಬೇಕೆಂಬ ಆಸೆ ಇರುವುದಿಲ್ಲವೇ?

ಆಗ ನಮ್ಮ ಕಡೆಯವರು ವಿಮಾನ ಹತ್ತಬೇಕಾದರೆ ಬೊಂಬಾಯಿಗೇ ಹೋಗಬೇಕಿತ್ತು. ಅಲ್ಲಿ ಘಾಟ್ಕೋಪರ್‌ನಲ್ಲಿ ಇವರ ತಂಗಿ ವಿಮಲಾ ಇದ್ದಳು. ನಮ್ಮ ಅತ್ತೆಯೂ ಅಲ್ಲೇ ಇದ್ದರು. ಮಗಳ ಮನೆಗೆಂದು ಹೋದವರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಮಾಡಿಸಿಕೊಂಡು ಮಲಗಿದ್ದರು. ಅವರನ್ನು ನೋಡಿದಂತೆಯೂ ಆಯಿತು ಎಂದು ಎರಡು ದಿನ ಮೊದಲೇ ಹೊರಟೆವು.

ದಾದರ್

ದಾದರ್‌ನಲ್ಲಿ ರೈಲಿಳಿದು ಲೋಕಲ್ ಹಿಡಿಯಬೇಕು. ಇವರು ಸೂಟ್‌ಕೇಸ್ ಎತ್ತಿಕೊಂಡು ಗಂಡಸರ ಡಬ್ಬಿಗೆ ಹೋದರು. ನಾನು ಕೈಚೀಲ ಹಿಡಿದು ಹೆಂಗಸರ ಡಬ್ಬಿಗೆ. ಸೂಟ್‌ಕೇಸಿನಲ್ಲಿ ಜಾಗವಿಲ್ಲದೆ ಸ್ವೆಟರನ್ನು ಮೈಮೇಲೇ ಹಾಕಿಕೊಂಡಿದ್ದೆ. ಆ ಬೆವರಿನ ನಡುವೆ ಉಣ್ಣೆ ತೊಟ್ಟ ಹೆಂಗಸನ್ನು ನೋಡಿ ಡಬ್ಬಿಯವರೆಲ್ಲ ಕನಿಕರಪಟ್ಟರು. ಯಾರೋ ಜ್ವರವೇ ಎಂದು ಕೇಳಿ ಹಣೆ ಮುಟ್ಟಿಯೂ ನೋಡಿದರು.

ಅಲ್ಲಿನ ಹೆಂಗಸರು ರೈಲಿನಲ್ಲಿ ಕೂತು ಗೋರಿಕಾಯಿ ಸೋಸುತ್ತಾರೆ. ಮನೆ ಸೇರುವ ಹೊತ್ತಿಗೆ ಪಲ್ಯಕ್ಕೆ ಹಾಕುವುದೊಂದೇ ಬಾಕಿ. ಮೈಸೂರಿನ ಸಿಟಿ ಬಸ್ಸಿನಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ನಾವು ತಿಂಗಳು ಆಡಿಕೊಳ್ಳುತ್ತಿದ್ದೆವು. ನನ್ನ ಪಕ್ಕದವಳು ನನ್ನ ಮಡಿಲಿಗೂ ಒಂದು ಹಿಡಿ ಹಾಕಿ, ಸೋಸು ಎಂಬಂತೆ ಕಣ್ಣು ಮಾಡಿದಳು. ಸೋಸಿದೆ. ಘಾಟ್ಕೋಪರ್ ಬಂದಾಗ ನಾನು ಇಳಿಯಲಿಲ್ಲ, ಹಿಂದಿನವರು ನನ್ನನ್ನು ಇಳಿಸಿದರು. ಕಾಲು ನೆಲಕ್ಕೆ ತಾಗಿದಾಗ ಒಂದು ಚಪ್ಪಲಿ ರೈಲಿನೊಂದಿಗೆ ಮುಂದಕ್ಕೆ ಹೋಗಿತ್ತು.

"ಪರದೇಶಕ್ಕೆ ಹೊರಟವಳು ದೇಶದಲ್ಲೇ ಚಪ್ಪಲಿ ಕಳ್ಕೊಂಡೆಯಲ್ಲ!" ಎಂದು ಇವರು ನಕ್ಕರು. ಪ್ಲಾಟ್‌ಫಾರ್ಮಿನ ಮೇಲೆ ಒಂಟಿ ಚಪ್ಪಲಿಯಲ್ಲಿ ನಿಂತು ಆ ಮಾತು ಕೇಳಿಸಿಕೊಳ್ಳಬೇಕಾದರೆ ಎಷ್ಟು ಉರಿಯುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು.

ಘಾಟ್ಕೋಪರ್

ವಿಮಲಳ ಮನೆ ನಾಲ್ಕು ಮಹಡಿಯ ಬಿಲ್ಡಿಂಗಿನ ಕೆಳ ಅಂತಸ್ತಿನ ನೆಲಮನೆ. ಮುಂದಿನ ಕೋಣೆಯಲ್ಲಿ ಅತ್ತೆಯ ಮಂಚ. ಕಾಲು ಅಲುಗಬಾರದೆಂದು ಎರಡೂ ಕಡೆ ಮರಳಿನ ಚೀಲ ಒತ್ತಿಟ್ಟಿದ್ದರು. ಮಗನನ್ನು ಕಂಡು ಅತ್ತೆ ಗಳಗಳನೆ ಅತ್ತರು. ಆಮೇಲೆ ನನ್ನನ್ನು ನೋಡಿ, "ಏನೇ ಇದು, ಸ್ವೆಟರ್?" ಎಂದರು.

ವಿಮಲಳ ಗಂಡ ಶೇಷಾದ್ರಿ ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ. ಮಗಳು ರಶ್ಮಿ ಕಾಲೇಜು ಹುಡುಗಿ. ಕನ್ನಡ ಕೇಳಿದರೆ ಎಲ್ಲ ಅರ್ಥವಾಗುತ್ತಿತ್ತು, ಆಡಹೋದರೆ ನಾಲಗೆ ಹಿಂದಿಯ ಕಡೆಗೇ ಜಾರುತ್ತಿತ್ತು. "ಅತ್ತೆ, ನೀವು ನೈರೋಬಿಯಲ್ಲಿ ಲಯನ್ ದೇಖೇಂಗೇ, ಅಲ್ವಾ?" ಎಂದು ನನ್ನನ್ನು ಕೇಳಿದಳು. ಅಲ್ಲಿಂದ ಶುರುವಾದ ಸಿಂಹ ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ.

ಮನೆಯ ಹಿಂಗೋಡೆಯ ಆಚೆ ಒಂದು ಹರಿವು ಇತ್ತು. ಇವರು ಕಾಫಿ ಲೋಟ ಹಿಡಿದೇ ಅತ್ತ ನಡೆದು, ಪರದೆ ಸರಿಸಿ, ಕಿಟಕಿ ತೆಗೆದರು. ಮನೆಯೆಲ್ಲ ಗಬ್ಬೆಂದು ನಾರಿತು.

"ಅಣ್ಣಾ, ಮುಚ್ಚು ಮುಚ್ಚು!" ಎಂದು ವಿಮಲಾ ಓಡಿಬಂದಳು.

"ಈ ಹೊಳೆ ಹೆಸರೇನೇ?"

"ಹೊಳೆ ಎಲ್ಲಿಂದ ಬಂತು? ಅದು ನಾಲಾ. ನಾಲಾಗೆಲ್ಲ ಹೆಸರಿಡ್ತಾರಾ?"

ಇವರಿಗೆ ನಂಬಲಾಗಲಿಲ್ಲ. ನಮ್ಮಲ್ಲಿ ಕಾವೇರಿಗೆ ಹೊಸ ನೀರು ಬಂತೆಂದರೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತೇವೆ. ನಾನಂತೂ ಮದುವೆಯಾದ ಹೊಸತರಲ್ಲಿ ಶ್ರೀರಂಗಪಟ್ಟಣದ ಸೇತುವೆಯ ಒಂದು ಬದಿಯಿಂದ ಕಿತ್ತಳೆಹಣ್ಣು ಬಿಡುವುದು, ಇವರು ಇನ್ನೊಂದು ಬದಿಯಲ್ಲಿ ಗಡಿಯಾರ ಹಿಡಿದು ಅದು ಎಷ್ಟು ಹೊತ್ತಿಗೆ ತೇಲಿ ಬರುತ್ತದೆಂದು ನೋಡುವುದು. ನೀರಿನ ವೇಗ ಅಳೆಯುವ ಹಳೆಯ ರೀತಿ ಅದು. ಬೇರೆಯವರ ಗಂಡಂದಿರು ಹೆಂಡತಿಗೆ ಮಲ್ಲಿಗೆ ಕೊಡಿಸುವ ಕಾಲದಲ್ಲಿ ನನಗೆ ದಕ್ಕಿದ್ದು ಇದು. ಈ ಊರಿನವರು ತಮ್ಮ ಮನೆಯ ಹಿಂದೆ ಹರಿಯುವುದಕ್ಕೆ ಬೆನ್ನು ತಿರುಗಿಸಿ ಪರದೆ ಎಳೆದುಕೊಂಡಿದ್ದರು.

ಹೊರಡುವ ದಿನ

ಸಂಜೆಗೆ ವಿಮಾನ. ಬೆಳಗಿನ ಕಾಫಿಯ ಹೊತ್ತಿಗೇ ಮಳೆ ಹಿಡಿಯಿತು.

ಮಳೆ ನನಗೆ ಹೊಸದೇನಲ್ಲ. ಆದರೆ ಇಂಥ ಮಳೆಯನ್ನು ನಾನು ನೋಡಿರಲಿಲ್ಲ. ಹನಿಗಳೇ ಇರಲಿಲ್ಲ, ನೀರೇ ಬೀಳುತ್ತಿತ್ತು. ಎದುರು ಬಿಲ್ಡಿಂಗ್ ಕಾಣಲಿಲ್ಲ, ಒಳಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸಲಿಲ್ಲ. ಶೇಷಾದ್ರಿ ಮಾತ್ರ ಪ್ಯಾಂಟು ಮಡಿಸಿಕೊಂಡು, ಛತ್ರಿ ಹಿಡಿದು ಕಾರ್ಖಾನೆಗೆ ಹೊರಟೇಬಿಟ್ಟ. ಈ ಊರಲ್ಲಿ ಆಕಾಶ ಕಳಚಿ ಬಿದ್ದರೂ ಕೆಲಸಕ್ಕೆ ಹೋಗುತ್ತಾರೆ. ನಮ್ಮಲ್ಲಾಗಿದ್ದರೆ ಶಾಲೆಗೆ ರಜೆ ಕೊಟ್ಟು ಬೋಂಡಾ ಕರಿಯುತ್ತಿದ್ದೆವು.

ಮಧ್ಯಾಹ್ನ ತಿರುಗುವ ಹೊತ್ತಿಗೆ ಅಂಗಳದಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಮನೆ ಹೊಸ್ತಿಲಿಗೆ ಇನ್ನೆರಡು ಮೆಟ್ಟಿಲು ಬಾಕಿ. ಹಿಂದಿನ ನಾಲಾ ಗೋಡೆಗೆ ಮೈ ಉಜ್ಜುತ್ತ ಗೊರಗೊರ ಎನ್ನುತ್ತಿತ್ತು. ಮೊದಲ ಮಹಡಿಯ ಶಾಂತಾಬೆನ್ ಇಳಿದು ಬಂದರು. ಗುಜರಾತಿ ಹೆಂಗಸು, ತೋಳು ತುಂಬ ಬಳೆ, ಗಂಟಲು ತುಂಬ ಸದ್ದು. "ಮಾಜಿ ಕೋ ಊಪರ್ ಲೇಕೇ ಆವೋ," ಅಜ್ಜಿಯನ್ನು ಮೇಲಕ್ಕೆ ಕರೆತನ್ನಿ, ಎಂದರು.

ವಿಮಲಾ ಅಣ್ಣನ ಮುಖ ನೋಡಿದಳು. "ಏನು ಮಾಡೋಣ ಅಣ್ಣಾ? ಅಮ್ಮನ್ನ ಸಾಗಿಸೋಣ್ವಾ?"

ಇವರು ಮೆಟ್ಟಿಲ ಮೇಲೆ ನಿಂತು ನೀರನ್ನು ನೋಡಿದರು, ನಾಲಾ ಇಳಿದು ಬರುವ ಗುಡ್ಡದ ಕಡೆ ನೋಡಿದರು. "ಬೇಡ. ಡಾಕ್ಟರು ಅಲುಗಿಸಬೇಡಿ ಅಂದಿಲ್ವಾ? ಇದು ಸಣ್ಣ ಗುಡ್ಡದ ನೀರು ಕಣೆ. ಮೇಲಿಂದ ಬಂದದ್ದು ಬೇಗ ಬರುತ್ತೆ, ಬೇಗ ಹೋಗುತ್ತೆ. ಮಳೆ ನಿಂತ ಸ್ವಲ್ಪ ಹೊತ್ತಿಗೆಲ್ಲ ಇಳಿದುಬಿಡುತ್ತೆ. ಹೊಸ್ತಿಲು ದಾಟೋದಿಲ್ಲ."

"ನೀನು ಹೇಳಿದ ಮೇಲೆ ಮುಗೀತು," ಎಂದಳು ವಿಮಲಾ. ಅವಳ ಮುಖವೇ ಹಗುರವಾಯಿತು. ಆ ಮನೆತನದಲ್ಲಿ ನೀರಿನ ವಿಷಯಕ್ಕೆ ಇವರ ಮಾತೇ ಕೊನೆ. ಬಾವಿ ಎಲ್ಲಿ ತೋಡಬೇಕು, ಹೊಳೆ ಯಾವಾಗ ದಾಟಬೇಕು, ಎಲ್ಲವನ್ನೂ ಇವರನ್ನು ಕೇಳಿಯೇ ಮಾಡುವವರು. ಶಾಂತಾಬೆನ್‌ಗೂ ವಿಮಲಾ ಹೆಮ್ಮೆಯಿಂದ ಹೇಳಿ ಕಳಿಸಿದಳು, ನಮ್ಮಣ್ಣ ನದಿ ಓದಿದವರು, ಅದರ ಬಗ್ಗೆ ಭಾಷಣ ಮಾಡಲು ಫಾರಿನ್‌ಗೆ ಹೊರಟವರು ಎಂದು. ಅತ್ತೆಯೂ ಮಲಗಿದಲ್ಲಿಂದಲೇ, "ಅವನು ಹೇಳಿದ್ನಲ್ಲ, ಸುಮ್ಮನಿರ್ರೇ," ಎಂದರು.

ಹೊರಡುವ ಮುತ್ತೈದೆಯನ್ನು ಬರಿಗೈಲಿ ಕಳಿಸಬಾರದೆಂದು ವಿಮಲಾ ಅರಿಸಿನ ಕುಂಕುಮ ಕೊಟ್ಟು, ಎಲೆ ಅಡಿಕೆಯ ಮೇಲೆ ತೆಂಗಿನಕಾಯಿ ಇಟ್ಟು ನನ್ನ ಸೆರಗಿಗೆ ಹಾಕಿದಳು. "ಅಯ್ಯೋ, ನೈರೋಬಿಗೆ ತೆಂಗಿನಕಾಯಿ ಹೊತ್ಕೊಂಡು ಹೋಗಲಾ?" ಎಂದೆ. "ಬೇಡ ಅನ್ನಬಾರದು ಅತ್ತಿಗೆ," ಎಂದಳು. ಅವಳ ಹವಾಯಿ ಚಪ್ಪಲಿ ಮೆಟ್ಟಿ, ನನ್ನ ಸ್ವೆಟರ್ ತೊಟ್ಟು, ಕಾಯಿ ಹಿಡಿದು ನೀರಿಗಿಳಿದೆ.

ಕುರ್ಲಾ ಸೇತುವೆ

ದೊಡ್ಡ ರಸ್ತೆಯಲ್ಲಿ ಎಷ್ಟೋ ಟ್ಯಾಕ್ಸಿಗಳು ಕೈ ಆಡಿಸಿ ಹೋದವು. "ಬೆಳಿಗ್ಗೇನೇ ಹೊರಡೋಣ ಅಂತ ಬಡ್ಕೊಂಡೆ, ಕೇಳಿದ್ರಾ?" ಎಂದು ನಾನು ಇವರ ಮೇಲೆ ಹಾರಾಡುತ್ತಿದ್ದಾಗ ಒಂದು ಟ್ಯಾಕ್ಸಿ ನಿಧಾನ ಮಾಡಿತು. ಕಿಟಕಿಯಿಂದ ಗಡ್ಡದ ಮುಖವೊಂದು ಹೊರಬಂತು.

"ಕನ್ನಡದವ್ರೇನ್ರೀ? ಬರ್ರಿ, ಬರ್ರಿ. ಜಗಳಾ ಒಳಗ ಕುಂತು ಆಡ್ರಿ."

ಮೌಲಾಸಾಬ್ ಅಂತ, ಬಿಜಾಪುರದ ಕಡೆಯವನು. ನಮ್ಮ ಮಾತು ಕೇಳಿ ಬ್ರೇಕ್ ಒತ್ತಿದನಂತೆ. ಆ ಸುಡುಗಾಡು ಮಳೆಯಲ್ಲಿ ಅವನ ಕನ್ನಡ ಕೇಳಿ ನನಗೆ ಅಳುವೇ ಬಂತು. ಏರ್‌ಪೋರ್ಟ್ ಎಂದೆವು. "ಸಾಕಿನಾಕಾ ಕಡೆ ನೀರ್ ತುಂಬೇದರಿ. ಕುರ್ಲಾ ಮ್ಯಾಲಿಂದ ಹೋಗೂಣು, ಆ ಕಡೆ ರಸ್ತಾ ಖುಲ್ಲಾ ಐತಿ," ಎಂದ. ಎಲ್ಲಿಯ ಖುಲ್ಲಾ! ಕುರ್ಲಾದ ಸೇತುವೆಯ ನಟ್ಟನಡುವೆ ಬಂದು ಸಿಕ್ಕಿಕೊಂಡೆವು. ಮುಂದೆ ಬಸ್ಸು, ಹಿಂದೆ ಲಾರಿ. ಆಚೆ ದಡದ ರಸ್ತೆಯ ಮೇಲೂ ನೀರು ಹರಿದು ಗಾಡಿಗಳೆಲ್ಲ ಕೆಟ್ಟು ನಿಂತಿದ್ದವು.

ವಿಮಾನ ತಪ್ಪಿದರೆ ಇವರ ಮಾತು ಕೇಳುವವರು ಇನ್ನೆಲ್ಲಿ ಸಿಗುತ್ತಾರೆ? ಮೂರು ವರ್ಷ ಊಟ ನಿದ್ರೆ ಬಿಟ್ಟು ಮಾಡಿದ ಕೆಲಸ. ಅಂಥ ಹೊತ್ತಿನಲ್ಲಿ ಈ ಮನುಷ್ಯ ಬಾಗಿಲು ತೆಗೆದು ಇಳಿದರು!

"ಎಲ್ಲಿಗೆ?" ಎಂದೆ.

"ಹೇಗೂ ನಿಂತಿದೆಯಲ್ಲ. ಕೆಳಗೆ ಮೀಠಿ ನದಿ, ಭರ್ತಿ ಬಂದಿದೆ. ಒಂದು ಸಲ ವೇಗ ನೋಡಿಬಿಡ್ತೀನಿ. ನೈರೋಬಿಯಲ್ಲಿ ಹೇಳೋಕೆ ಆಗುತ್ತೆ. ಏನಾದ್ರೂ ತೇಲೋದು ಇದೆಯಾ?"

ಅವರ ಕಣ್ಣು ನನ್ನ ಮಡಿಲಿನ ಕಾಯಿಯ ಮೇಲೆ ಬಿತ್ತು.

"ಖಂಡಿತ ಕೊಡಲ್ಲ. ಮುತ್ತೈದೆಗೆ ಕೊಟ್ಟ ಕಾಯಿ."

"ಗಂಗೆಗೇ ತಾನೇ ಬಿಡೋದು? ಬಾಗಿನ ಅಂದ್ಕೋ."

ಮೌಲಾಸಾಬ್ ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿ, "ಏನ್ ಮಂದೀನೋ ಏನೋ, ಯಾ ಅಲ್ಲಾ!" ಎಂದ.

ಇಳಿದೆ. ಇಳಿಯದೆ ಏನು ಮಾಡಲಿ, ಆ ಗಂಡನನ್ನು ಕಟ್ಟಿಕೊಂಡು? ಗುಡ್ಡದ ಕಡೆಯಿಂದ ನೀರು ಬರುವ ಬದಿಯಲ್ಲಿ ನಾನು ನಿಂತೆ. ಅದು ಹೊರಬೀಳುವ ಬದಿಗೆ ಇವರು ಬಸ್ಸು ಕಾರುಗಳ ನಡುವೆ ನುಸುಳಿ ಹೋಗಿ, ಗಡಿಯಾರ ಕಣ್ಣಿಗೆ ಹತ್ತಿರ ಹಿಡಿದು "ಬಿಡು!" ಎಂದು ಕೂಗಿದರು. ಕಣ್ಣಿಗೊತ್ತಿಕೊಂಡು ಕಾಯಿ ಬಿಟ್ಟೆ. ಕೆಳಗೆ ಕರಿ ನೀರು, ಪ್ಲಾಸ್ಟಿಕ್, ಹಲಗೆಗಳು, ಯಾರದೋ ಮನೆಯ ತಗಡು. ಅದರ ನಡುವೆ ಕಾಯಿ ಮುಳುಗಿ ಎದ್ದಿತು.

"ಬಂತಾ?" ಎಂದು ನಾನು ಕೂಗಿದೆ.

"ಇಲ್ಲ!"

ಮತ್ತೆ ಬಗ್ಗಿ ನೋಡಿದೆ. ಕಾಯಿ ಸೇತುವೆಯ ಅಡಿಗೆ ಹೋಗಿರಲೇ ಇಲ್ಲ. ನಿಂತಲ್ಲೇ ಒಂದು ಸುತ್ತು ಸುತ್ತಿತು. ಆಮೇಲೆ ನಿಧಾನವಾಗಿ, ನನ್ನ ಕಣ್ಣೆದುರೇ, ಗುಡ್ಡದ ಕಡೆಗೆ ಹೊರಟಿತು.

"ರೀ! ಇದು ಹಿಂದಕ್ಕೆ ಹೋಗ್ತಿದೆ!"

"ಏನು?"

"ಕಾಯಿ! ಮೇಲಕ್ಕೆ ಹೋಗ್ತಿದೆ! ನದಿ ಹಿಂದಕ್ಕೆ ಹರೀತಿದೆ!"

ಇವರು ಓಡಿಬಂದರು. ನಾನು ಬೆರಳು ಮಾಡಿ ತೋರಿಸಿದೆ. ಕಾಯಿ ಹಲಗೆ ತಗಡುಗಳ ಜೊತೆ ಬಂದ ದಾರಿಗೇ ವಾಪಸು ಹೋಗುತ್ತಿತ್ತು. ಇವರ ಮುಖದಲ್ಲಿ ರಕ್ತವೇ ಇಳಿದುಹೋಯಿತು. ಹೆರಿಗೆ ಕೋಣೆಯ ಹೊರಗೆ ನಿಂತಿದ್ದಾಗಲೂ ಅವರ ಮುಖ ಹಾಗಾಗಿರಲಿಲ್ಲ.

"ಸಮುದ್ರ," ಎಂದರು.

"ಏನು ಸಮುದ್ರ?"

"ಭರತದ ನೀರು ಸುಶೀಲಾ. ಸಮುದ್ರ ಉಬ್ಬಿ ಒಳಗೆ ಬರ್ತಿದೆ. ಮೇಲಿನ ನೀರಿಗೆ ಹೋಗೋಕೆ ಬಾಗಿಲೇ ಇಲ್ಲ. ನಾನು ಗುಡ್ಡ ನೋಡಿದೆ, ಮಳೆ ನೋಡಿದೆ. ಸಮುದ್ರವನ್ನ ಮರೆತೇಬಿಟ್ಟೆ."

ಮೈಸೂರಿನವರಿಗೆ ಸಮುದ್ರವೆಂದರೆ ದಸರೆ ರಜೆಯಲ್ಲಿ ಹೋಗಿ ಕಾಲು ನೆನೆಸಿಕೊಂಡು ಬರುವ ಜಾಗ. ಇವರು ಅಳೆದ ನದಿಗಳೆಲ್ಲ ಒಂದೇ ದಿಕ್ಕಿಗೆ ಹರಿಯುವ, ಎಲ್ಲೋ ದೂರದಲ್ಲಿ ಕಣ್ಮರೆಯಾಗುವ ನದಿಗಳು. ಇಷ್ಟು ಭಾರೀ ಮಳೆ ಸುರಿಯುವ ಹೊತ್ತಿಗೇ ಸಮುದ್ರ ಉಬ್ಬಿದರೆ ಏನಾಗುತ್ತದೆ ಎಂದು ಯೋಚಿಸುವ ಪ್ರಸಂಗವೇ ಅವರಿಗೆ ಬಂದಿರಲಿಲ್ಲ.

ಇವರು ಟ್ಯಾಕ್ಸಿಯ ಕಿಟಕಿಗೆ ಬಗ್ಗಿದರು. "ಮೌಲಾಸಾಬರೇ, ನಮ್ಮನ್ನ ಹತ್ತಿಸಿಕೊಂಡ ಕಡೆ ಬಿಲ್ಡಿಂಗ್ ಹಿಂದೆ ಒಂದು ನಾಲಾ ಇದೆ. ಅದು ಎಲ್ಲಿಗೆ ಹೋಗುತ್ತೆ?"

"ಖಾಡಿಗೇ ಹೋಗ್ತದ್ರೀ. ಮತ್ತೆಲ್ಲಿ ಹೋಗಬೇಕು?"

ಖಾಡಿ ಎಂದರೆ ಊರೊಳಗೆ ಚಾಚಿಕೊಂಡ ಸಮುದ್ರದ ತೋಳು. ಆ ನಾಲಾದ ನೀರಿಗೂ ದಾರಿ ಇರಲಿಲ್ಲ. ಮಳೆ ಇನ್ನೂ ಸುರಿಯುತ್ತಲೇ ಇತ್ತು. ಅಲ್ಲಿ ನೆಲಮನೆಯಲ್ಲಿ ಅತ್ತೆ, ಕಾಲಿನ ಎರಡೂ ಕಡೆ ಮರಳಿನ ಚೀಲ. ಪಕ್ಕದಲ್ಲಿ, ಅಣ್ಣ ಹೇಳಿದ್ದಾನೆಂದು ಜಗ್ಗದೆ ಕೂತಿರುವ ವಿಮಲಾ.

"ನೀವು ವಿಮಾನಕ್ಕೆ ಹೋಗಿ," ಎಂದೆ. "ನಡ್ಕೊಂಡಾದ್ರೂ ಹೋಗಿ. ನಾನು ವಾಪಸ್ ಹೋಗಿ ಹೇಳ್ತೀನಿ."

"ನೀನು ಹೇಳಿದ್ರೆ ಅವಳು ಏಳೋದಿಲ್ಲ. ಬೇಡ ಅಂದವನು ನಾನು."

ಸೇತುವೆಯ ತುದಿಯ ಇರಾನಿ ಹೋಟೆಲಿನಲ್ಲಿ ಫೋನ್ ಇತ್ತು. ಶಾಂತಾಬೆನ್ ಮನೆಗೆ ಮಾಡಿದೆವು. ಗಂಟೆಯ ಸದ್ದೂ ಬರಲಿಲ್ಲ, ಸತ್ತುಹೋಗಿತ್ತು. ಇವರು ಫೋನಿಟ್ಟು ಏರ್‌ಪೋರ್ಟಿನ ದಿಕ್ಕಿಗೆ ಒಂದು ಸಲ ನೋಡಿದರು. ಆಮೇಲೆ ಪಂಚೆಯಂತೆ ಪ್ಯಾಂಟನ್ನು ಮೇಲಕ್ಕೆ ಸುತ್ತಿಕೊಂಡರು.

"ಸಾಮಾನಾ ಗಾಡ್ಯಾಗ ಇರ್ಲಿ," ಎಂದ, ನಮ್ಮ ಹಿಂದೆಯೇ ಬಂದಿದ್ದ ಮೌಲಾಸಾಬ್. "ಮನಿ ಗುರ್ತು ಹೇಳ್ರಿ, ತಂದು ಮುಟ್ಟಸ್ತೀನಿ. ನೀವು ಮೊದ್ಲ ತಾಯಿ ಕಡೆ ನಡೀರಿ." ನೀರಿಳಿದ ಮೇಲೆ ತಂದು ಕೊಟ್ಟ, ಒಂದು ಕರ್ಚೀಫೂ ಕಡಿಮೆಯಾಗಿರಲಿಲ್ಲ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಓದುವವರಿಗೆ ಸೂಟ್‌ಕೇಸಿನ ಚಿಂತೆ ಬೇಡ.

ಹಳಿಯ ಮೇಲೆ

ರಸ್ತೆಯಲ್ಲಿ ನಡೆಯುವಂತಿರಲಿಲ್ಲ. ಲೋಕಲ್ ನಿಂತುಹೋಗಿತ್ತು. ಕುರ್ಲಾ ಸ್ಟೇಷನ್ನಿಗೆ ಬಂದರೆ ಜನವೆಲ್ಲ ಹಳಿಯ ಮೇಲೆ ನಡೆಯುತ್ತಿದ್ದರು, ದಿನವೂ ಹಾಗೇ ಮನೆಗೆ ಹೋಗುವವರಂತೆ. ಟಿಫಿನ್ ಡಬ್ಬಿ ತಲೆಯ ಮೇಲೆ, ಚಪ್ಪಲಿ ಕಂಕುಳಲ್ಲಿ. ಯಾರೂ ಕೂಗಾಡುತ್ತಿರಲಿಲ್ಲ. ಜಲ್ಲಿಯಲ್ಲಿ ವಿಮಲಳ ಹವಾಯಿ ಚಪ್ಪಲಿ ಹೆಜ್ಜೆಗೊಮ್ಮೆ ಕಿತ್ತುಬರುತ್ತಿತ್ತು. ಸ್ವೆಟರ್ ನೀರು ಕುಡಿದು ಮೊಣಕಾಲಿಗೆ ಇಳಿದಿತ್ತು. ಕೊನೆಗೆ ಅದನ್ನು ಕಿತ್ತು ಹಳಿಯ ಪಕ್ಕಕ್ಕೆ ಎಸೆದೆ. ಆಫ್ರಿಕಾದ ಚಳಿಗೆಂದು ಹೆಣೆದದ್ದು ವಿದ್ಯಾವಿಹಾರದ ಕೆಸರಿಗೆ ಹೋಯಿತು.

ಹಳಿಯ ಪಕ್ಕದ ಚಾಳುಗಳವರು, ಒಂದೊಂದು ಕೋಣೆಯ ಸಾಲುಮನೆಗಳಲ್ಲಿ ಇರುವವರು, ತಮ್ಮ ಮನೆಗಳಿಗೇ ನೀರು ನುಗ್ಗಿದ್ದರೂ ಹೊರಗೆ ನಿಂತು ನಡೆಯುವವರಿಗೆ ಚಹಾ ಕೊಡುತ್ತಿದ್ದರು. ತೆರೆದ ಚರಂಡಿಗಳಿದ್ದ ಕಡೆ ಕೋಲು ನೆಟ್ಟು, ಕೆಂಪು ಬಟ್ಟೆ ಕಟ್ಟಿ, "ಇಧರ್ ಸೇ ಮೌಶಿ, ಇಧರ್ ಸೇ," ಈ ಕಡೆಯಿಂದ ಬನ್ನಿ ಚಿಕ್ಕಮ್ಮಾ, ಎಂದು ಕೈ ಹಿಡಿದು ದಾಟಿಸುತ್ತಿದ್ದರು. ನಮ್ಮಲ್ಲಿ ಪರಿಚಯವಿಲ್ಲದವರಿಗೆ ನೀರು ಕೊಡಬೇಕಾದರೂ ಊರು ಕುಲ ವಿಚಾರಿಸುತ್ತೇವೆ. ಇಲ್ಲಿ ನನ್ನ ಕೈ ಎಷ್ಟು ಕೈಗಳಿಗೆ ಹೋಗಿ ಬಂತೋ, ಒಬ್ಬರೂ ಹೆಸರು ಕೇಳಲಿಲ್ಲ.

ಇವರು ನನಗಿಂತ ಮುಂದೆ ಓಡುತ್ತಿದ್ದರು. ಓಡುತ್ತ ತಮ್ಮಷ್ಟಕ್ಕೇ ಮಾತಾಡಿಕೊಳ್ಳುತ್ತಿದ್ದರು. "ಹೊಸ್ತಿಲು ದಾಟೋದಿಲ್ಲ ಅಂದೆ. ದಾಟೋದಿಲ್ಲ ಅಂದೆನಲ್ಲ." ನನಗೂ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಾನು ರಾಮ ರಾಮ ಎನ್ನುತ್ತ ಹಿಂದೆ ಓಡಿದೆ. ಅತ್ತೆಗೂ ನನಗೂ ಮೂವತ್ತು ವರ್ಷ ಸರಿಬಂದದ್ದಿಲ್ಲ. ಆದರೂ ಆ ದಾರಿಯುದ್ದಕ್ಕೂ ನನ್ನ ಬಾಯಲ್ಲಿ ಇದ್ದದ್ದು, ಮುದುಕಿ ಬದುಕಿದ್ದರೆ ಸಾಕಪ್ಪಾ ಎಂಬ ಒಂದೇ ಬೇಡಿಕೆ.

ಮೊದಲ ಮಹಡಿ

ಬಿಲ್ಡಿಂಗಿನ ಗೇಟಿನಲ್ಲಿ ನೀರು ನನ್ನ ಎದೆಗೆ ಬಂತು. ಮೆಟ್ಟಿಲ ಮೇಲಿನಿಂದ ಶಾಂತಾಬೆನ್ ಕೂಗುತ್ತಿದ್ದರು. ಎರಡು ಸಲ ಗಂಡಸರನ್ನು ಕರೆತಂದರಂತೆ, ಎರಡು ಸಲವೂ ವಿಮಲಾ ವಾಪಸು ಕಳಿಸಿದಳಂತೆ.

ಒಳಗೆ ಕುರ್ಚಿ, ಪೀಠಗಳೆಲ್ಲ ತೇಲುತ್ತಿದ್ದವು. ಮಂಚದ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು. ನೀರು ಹಾಸಿಗೆಯನ್ನು ಆಗಲೇ ಮುಟ್ಟಿತ್ತು. ವಿಮಲಾ ತೊಡೆಯುದ್ದ ನೀರಲ್ಲಿ ನಿಂತು ತಾಯಿಯ ತಲೆಯನ್ನು ತನ್ನ ತೋಳ ಮೇಲೆ ಎತ್ತಿ ಹಿಡಿದಿದ್ದಳು. ರಶ್ಮಿ ಅಳುತ್ತ, "ಮಮ್ಮಿ, ಪ್ಲೀಸ್, ಅಜ್ಜೀನ ಊಪರ್ ಲೇ ಚಲೋ, ಪ್ಲೀಸ್," ಎನ್ನುತ್ತಿದ್ದಳು.

"ಇಳಿಯುತ್ತೆ ಕಣೇ, ಮಾಮಾ ಹೇಳಿದ್ದಾನೆ, ಇಳಿಯುತ್ತೆ," ಎನ್ನುತ್ತಿದ್ದ ವಿಮಲಾ ನಮ್ಮ ಕಡೆ ತಿರುಗಿದಳು. "ಅಣ್ಣಾ? ವಿಮಾನ?"

"ಎತ್ತು ಅಮ್ಮನ್ನ," ಎಂದರು ಇವರು.

ಮಂಚ ಮೆಟ್ಟಿಲ ತಿರುವಿನಲ್ಲಿ ತಿರುಗುವುದಿಲ್ಲ. ಕುರ್ಚಿಯಲ್ಲಿ ಕೂರಿಸಿದರೆ ಸೊಂಟ ಬಾಗುತ್ತದೆ. ಅಟ್ಟದಿಂದ ಮೈಸೂರಿನ ದಪ್ಪ ಜಮಖಾನ ಎಳೆದು ಅತ್ತೆಯ ಕೆಳಗೆ ತೂರಿಸಿದೆವು. ಮೇಲಿನ ಮನೆಗಳ ಗಂಡಸರು ಇಳಿದು ಬಂದು ಅಂಚು ಹಿಡಿದರು. ಕಾಲಿನ ಕಡೆ ನಾನು ಹಿಡಿದೆ. "ಮುರಿದ ಕಡೆ ಬಿಗಿಯಾಗಿ ಹಿಡಿಯೇ, ಕೈ ನಡುಗಿಸಬೇಡ," ಎಂದು ಅತ್ತೆ ನನ್ನನ್ನೇ ಗದರಿದರು. ಅಷ್ಟು ಗದರುವ ಶಕ್ತಿ ಉಳಿದಿದೆಯಲ್ಲ ಎಂದು ನನಗೆ ಸಂತೋಷದಿಂದ ಅಳು ಬಂತು. ತಿರುವಿನಲ್ಲಿ ಒಮ್ಮೆ ಜಮಖಾನ ಜಾರಿತು. ಅತ್ತೆ ಕಿರುಚಿದರು, ಇವರು ಗೋಡೆಗೆ ಬೆನ್ನು ಕೊಟ್ಟು ತಾಯಿಯನ್ನು ಎದೆಯ ಮೇಲೆ ತಡೆದುಕೊಂಡರು. ಹೇಗೋ ಮೇಲೆ ತಲುಪಿ ಶಾಂತಾಬೆನ್ ಮನೆಯ ನಡುಮನೆಯಲ್ಲಿ ಮಲಗಿಸಿದೆವು.

ನೆಲಮನೆಗಳವರೆಲ್ಲ ಅಲ್ಲೇ ಸೇರಿದ್ದರು. ಶೇಷಾದ್ರಿ ಇನ್ನೂ ಕಾರ್ಖಾನೆಯಿಂದ ಬಂದಿರಲಿಲ್ಲ. ಶಾಂತಾಬೆನ್ ಸ್ಟೋವ್ ಮೇಲೆ ಚಹಾ ಇಟ್ಟಿದ್ದರು. ಇನ್ನೂ ಬೆಳಕಿತ್ತು. ಕಿಟಕಿಯಾಚೆ ಮಳೆ ಹಾಗೆಯೇ ಬೀಳುತ್ತಿತ್ತು. ನಮ್ಮ ವಿಮಾನ ಆ ಹೊತ್ತಿಗೆ ಹಾರಿತೋ ಇಲ್ಲವೋ ನಾವು ಕೇಳಲಿಲ್ಲ, ಇವತ್ತಿಗೂ ನಮಗೆ ತಿಳಿಯದು.

ರಶ್ಮಿ ಅಜ್ಜಿಯ ಕಾಲು ಒರೆಸುತ್ತಿದ್ದವಳು ತಲೆಯೆತ್ತಿದಳು. "ಮಾಮಾ, ಈ ಪಾನಿ ಯಾವಾಗ ಇಳಿಯುತ್ತೆ?"

ಕೋಣೆಯವರೆಲ್ಲ ಇವರ ಕಡೆ ತಿರುಗಿದರು. ನದಿ ಓದಿದ ಅಣ್ಣನ ವಿಷಯ ಬಿಲ್ಡಿಂಗಿಗೆಲ್ಲ ಗೊತ್ತಾಗಿತ್ತಲ್ಲ. ಇವರು ಎದ್ದು ಮೆಟ್ಟಿಲ ಬಳಿ ಹೋಗಿ ಕೆಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಒದ್ದೆ ಬಟ್ಟೆಯಲ್ಲಿ ಗಡಗಡ ನಡುಗುತ್ತಿದ್ದರು. ವಾಪಸು ಬಂದು ತಂಗಿಯ ಮುಖ ನೋಡಿ, ಆಮೇಲೆ ತಾಯಿಯ ಮುಖ ನೋಡಿ, ಹೇಳಿದರು.

"ಗೊತ್ತಿಲ್ಲ."

ರಶ್ಮಿ ಶಾಂತಾಬೆನ್ ಕಡೆ ತಿರುಗಿ, ಆ ಮಾತನ್ನೇ ಹಿಂದಿಯಲ್ಲಿ ಮೆಲ್ಲಗೆ, "ಮಾಮಾ ಕೋ ಮಾಲೂಮ್ ನಹೀಂ," ಎಂದಳು. ಶಾಂತಾಬೆನ್ ಇವರನ್ನು ಒಂದು ಕ್ಷಣ ನೋಡಿದರು. ಆಮೇಲೆ ಸ್ಟೋವ್ ಆರಿಸಿದರು, ಗೋಡೆಯ ಮೇಲಿನ ದೇವರ ಪಟ ಇಳಿಸಿದರು, ತಮ್ಮ ಹಾಸಿಗೆ ಸುತ್ತತೊಡಗಿದರು.

ಮಧ್ಯಾಹ್ನದಿಂದ ಮಗನ ಮಾತಿಗೆ ಕಟ್ಟುಬಿದ್ದು ಮಿಸುಕದೆ ಮಲಗಿದ್ದ ನಮ್ಮತ್ತೆ ಎರಡೂ ಕೈ ಚಾಚಿದರು.

"ಎತ್ತೋ ನನ್ನ," ಎಂದರು, "ಇನ್ನೂ ಮೇಲಕ್ಕೆ."